ಥೀಮ್ ಅಪ್‌ಡೇಟ್ ಗುಂಡಿ ಒತ್ತುವ ಮುನ್ನ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಹೋಂಸ್ಟೇ ನಡೆಸುವವರು, ಸೀರೆ ಅಂಗಡಿಯವರು, ಹಪ್ಪಳ ಉಪ್ಪಿನಕಾಯಿ ಮಾರುವ ಸ್ವಸಹಾಯ ಸಂಘದವರು, ಊರಲ್ಲಿ ಟ್ಯೂಷನ್ ಕೇಂದ್ರ ಇಟ್ಟುಕೊಂಡ ಮೇಷ್ಟ್ರು, ಹೀಗೆ ಕೇಳುವವರು ಬೇರೆ ಬೇರೆ. ಪ್ರಶ್ನೆ ಮಾತ್ರ ಒಂದೇ: ‘ನಮ್ಮ ವೆಬ್‌ಸೈಟಿನ ಒಳಗೆ ಹೋದರೆ ಥೀಮ್ ಅಪ್‌ಡೇಟ್ ಮಾಡಿ ಅಂತ ತೋರಿಸುತ್ತದೆ. ಒತ್ತಬಹುದಾ? ಒತ್ತಿದರೆ ಇರೋದೆಲ್ಲ ಹೋಗಿಬಿಡುತ್ತಾ?’ ಹೆಚ್ಚಿನವರು ಆ ಸೂಚನೆಯನ್ನು ವರ್ಷಗಟ್ಟಲೆ ಹಾಗೇ ಬಿಟ್ಟಿದ್ದಾರೆ. ಸೈಟ್ ಮಾಡಿಕೊಟ್ಟ ಹುಡುಗ ‘ಅದೊಂದನ್ನು ಮುಟ್ಟಬೇಡಿ ಸರ್’ ಎಂದು ಹೇಳಿ ಹೋಗಿರುತ್ತಾನೆ. ಅವನೀಗ ಬೆಂಗಳೂರಿನಲ್ಲೋ ಪುಣೆಯಲ್ಲೋ ದೊಡ್ಡ ಕೆಲಸದಲ್ಲಿದ್ದಾನೆ. ಫೋನ್ ಮಾಡಿದರೆ ಸಿಗುವುದಿಲ್ಲ.

ನನ್ನ ಉತ್ತರ ಹೀಗಿದೆ. ಒತ್ತಲೇಬೇಕು, ಆದರೆ ಇವತ್ತೇ ಅಲ್ಲ. ಸೈಟಿನಲ್ಲಿ ಯಾವುದು ನಿಮ್ಮದು, ಯಾವುದು ಥೀಮ್ ಬರೆದವರದು ಎಂಬುದು ನಿಮಗೆ ಖಚಿತವಾದ ಮೇಲೆ ಒತ್ತಬೇಕು. ಅಪ್‌ಡೇಟ್ ಆದ ಮೇಲೆ ಅತ್ತುಕೊಂಡು ಬರೆದವರ ಪತ್ರಗಳನ್ನು ಓದಿದಾಗೆಲ್ಲ ನನಗೆ ಕಂಡಿರುವುದು ಈ ಗಡಿ ಗೊತ್ತಿಲ್ಲದಿರುವುದೇ.

ನಮ್ಮ ಸಣ್ಣ ವ್ಯಾಪಾರಗಳ ಸೈಟುಗಳಲ್ಲಿ ಬಹುಪಾಲು ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದವು ಎಂದುಕೊಂಡೇ ಮಾತಾಡುತ್ತೇನೆ. 2003ರ ಮೇ ತಿಂಗಳಲ್ಲಿ ಮ್ಯಾಟ್ ಮಲೆನ್‌ವೆಗ್ ಮತ್ತು ಮೈಕ್ ಲಿಟಲ್ ಎಂಬಿಬ್ಬರು ಹೊರತಂದ ಈ ಉಚಿತ ತಂತ್ರಾಂಶದ ಮೇಲೆ ಇಂದು ಜಗತ್ತಿನ ವೆಬ್‌ಸೈಟುಗಳಲ್ಲಿ ಶೇ 40ಕ್ಕೂ ಹೆಚ್ಚು ನಡೆಯುತ್ತಿವೆ. ಇದರಲ್ಲಿ ನೀವು ಬರೆದ ಪುಟಗಳು, ದರಪಟ್ಟಿ, ಗ್ರಾಹಕರ ಆರ್ಡರು ಇವೆಲ್ಲ ಡೇಟಾಬೇಸಿನಲ್ಲಿ ಕೂತಿರುತ್ತವೆ. ಫೋಟೋಗಳು ಅಪ್‌ಲೋಡ್ಸ್ ಎಂಬ ಫೋಲ್ಡರಿನಲ್ಲಿರುತ್ತವೆ. ಬಣ್ಣ, ಜೋಡಣೆ, ಅಕ್ಷರದ ಗಾತ್ರ, ಮೇಲಿನ ಪಟ್ಟಿ, ಕೆಳಗಿನ ಪಟ್ಟಿ ನೋಡಿಕೊಳ್ಳುವ ಥೀಮ್ ಇನ್ನೊಂದು ಫೋಲ್ಡರಿನಲ್ಲಿ. ಅಪ್‌ಡೇಟ್ ಒತ್ತಿದಾಗ ಆಗುವುದಿಷ್ಟೇ: ಆ ಥೀಮಿನ ಹಳೇ ಫೋಲ್ಡರನ್ನು ಪೂರ್ತಿ ತೆಗೆದು ಅದೇ ಹೆಸರಿನ ಹೊಸ ಫೋಲ್ಡರನ್ನು ಇಡಲಾಗುತ್ತದೆ. ಡೇಟಾಬೇಸ್‌ನಲ್ಲಿರುವ ನಿಮ್ಮ ಪುಟಗಳನ್ನೂ ಫೋಟೋಗಳನ್ನೂ ಅದು ಮುಟ್ಟುವುದಿಲ್ಲ.

ಹಾಗಾದರೆ ಹೋಗುವುದೇನು? ಆ ಥೀಮ್ ಫೋಲ್ಡರಿನ ಒಳಗೇ ಯಾರಾದರೂ ಕೈಹಾಕಿ ತಿದ್ದಿದ್ದರೆ, ಆ ತಿದ್ದುಪಡಿಯೆಲ್ಲ ಹೋಗುತ್ತದೆ. ನಮ್ಮಲ್ಲಿ ಇದು ತೀರಾ ಸಾಮಾನ್ಯ. ಫುಟರಿನಲ್ಲಿ ಅಂಗಡಿಯ ವಿಳಾಸ ಸೇರಿಸಬೇಕು, ವಾಟ್ಸ್‌ಆ್ಯಪ್ ಗುಂಡಿ ಹಾಕಬೇಕು, ಥೀಮ್ ಕಂಪನಿಯ ಹೆಸರು ತೆಗೆಯಬೇಕು ಎಂದು ಮಾಲೀಕರು ಕೇಳುತ್ತಾರೆ. ಸೈಟ್ ಮಾಡುವವನು ಅವಸರದಲ್ಲಿ ಫುಟರ್ ಫೈಲನ್ನೇ ತೆರೆದು ನಾಲ್ಕು ಸಾಲು ಬರೆದು ಮುಗಿಸುತ್ತಾನೆ. ಬಾಡಿಗೆ ಮಳಿಗೆಯ ಗೋಡೆಗೆ ಕಪಾಟನ್ನು ಮೊಳೆ ಹೊಡೆದು ಕೂರಿಸಿದ ಹಾಗೆ ಅದು. ಕಟ್ಟಡದ ಮಾಲೀಕ ಗೋಡೆ ಒಡೆದು ಹೊಸದು ಕಟ್ಟಿದ ದಿನ ಕಪಾಟೂ ಹೋಗುತ್ತದೆ. ‘ಮುಟ್ಟಬೇಡಿ ಸರ್’ ಎಂದದ್ದರ ಹಿಂದಿನ ಕಾರಣ ಬಹುಮಟ್ಟಿಗೆ ಇದೇ.

ಇದಕ್ಕೆ ವರ್ಡ್‌ಪ್ರೆಸ್‌ನಲ್ಲೇ ಒಳ್ಳೆಯ ವ್ಯವಸ್ಥೆ ಇದೆ, ಹೆಸರು ಚೈಲ್ಡ್ ಥೀಮ್. ಮೂಲ ಥೀಮಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಫೋಲ್ಡರ್ ಮಾಡಿ, ಅದರೊಳಗೆ ಸ್ಟೈಲ್ ಡಾಟ್ ಸಿಎಸ್‌ಎಸ್ ಎಂಬ ಫೈಲಿಟ್ಟು, ಅದರ ತಲೆಯಲ್ಲಿ ‘ನನ್ನ ಮೂಲ ಥೀಮ್ ಇದು’ ಎಂದು ತಿಳಿಸುವ ಒಂದು ಸಾಲು ಬರೆದರೆ ಅದು ಹುಟ್ಟಿದಂತೆ. ಬದಲಾಯಿಸಬೇಕಾದ ಫೈಲುಗಳ ಪ್ರತಿಯನ್ನು ಇಲ್ಲಿಟ್ಟು ತಿದ್ದಿದರೆ ವರ್ಡ್‌ಪ್ರೆಸ್ ಮೊದಲು ಇಲ್ಲಿ ಹುಡುಕುತ್ತದೆ, ಇಲ್ಲಿ ಇಲ್ಲದ್ದನ್ನು ಮೂಲ ಥೀಮಿನಿಂದ ತರುತ್ತದೆ. ಮೂಲ ಥೀಮ್ ಎಷ್ಟು ಸಲ ಅಪ್‌ಡೇಟ್ ಆದರೂ ಈ ಫೋಲ್ಡರಿಗೆ ಏನೂ ಆಗುವುದಿಲ್ಲ. ಬಣ್ಣ, ಅಂತರದಂಥ ಚಿಕ್ಕಪುಟ್ಟ ಬದಲಾವಣೆಗೆ ಇಷ್ಟೂ ಬೇಡ. 2016ರ ಡಿಸೆಂಬರಿನಲ್ಲಿ ಬಂದ 4.7ನೇ ಆವೃತ್ತಿಯಿಂದ ಕಸ್ಟಮೈಸರಿನಲ್ಲಿ ಹೆಚ್ಚುವರಿ ಸಿಎಸ್‌ಎಸ್ ಬರೆಯಲು ಜಾಗವಿದೆ. ಅಲ್ಲಿ ಬರೆದದ್ದು ಡೇಟಾಬೇಸಿಗೆ ಹೋಗುತ್ತದೆ, ಅಪ್‌ಡೇಟಿನಿಂದ ಅಳಿಯುವುದಿಲ್ಲ. ಥೀಮನ್ನೇ ಬದಲಿಸಿದರೆ ಮಾತ್ರ ಹೊಸ ಥೀಮಿಗೆ ಅದು ಅನ್ವಯವಾಗುವುದಿಲ್ಲ, ಅಷ್ಟು ನೆನಪಿರಲಿ.

ನಿಮ್ಮ ಸೈಟಿನಲ್ಲಿ ಯಾರು ಎಲ್ಲಿ ತಿದ್ದಿದ್ದಾರೆ ಎಂದು ಕಂಡುಹಿಡಿಯುವುದು ಹೇಗೆ? ಅಪಿಯರೆನ್ಸ್ ವಿಭಾಗದ ಥೀಮ್ಸ್ ಪುಟದಲ್ಲಿ ಚಾಲ್ತಿಯಲ್ಲಿರುವ ಥೀಮಿನ ವಿವರ ತೆರೆಯಿರಿ. ಅದು ಇನ್ನೊಂದರ ಚೈಲ್ಡ್ ಥೀಮ್ ಎಂದಿದ್ದರೆ ಮಾಡಿದವನು ಜವಾಬ್ದಾರಿಯಿಂದ ಮಾಡಿದ್ದಾನೆ, ಅರ್ಧ ಚಿಂತೆ ಕಳೆಯಿತು. ಇಲ್ಲದಿದ್ದರೆ, ನಿಮ್ಮಲ್ಲಿರುವ ಆವೃತ್ತಿಯದೇ ಹೊಸ ಪ್ರತಿಯೊಂದನ್ನು ತಂದು, ನಿಮ್ಮ ಫೋಲ್ಡರಿನ ಜೊತೆ ಸಾಲುಸಾಲಾಗಿ ಹೋಲಿಸಿ ನೋಡಬೇಕು. ಇದನ್ನು ಮಾಡುವ ಉಚಿತ ಸಾಧನಗಳಿವೆ. ಕಂಪ್ಯೂಟರ್ ಓದುತ್ತಿರುವ ಮನೆಮಕ್ಕಳು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಲ್ಲರು. ಸಿಕ್ಕ ವ್ಯತ್ಯಾಸಗಳನ್ನು ಚೈಲ್ಡ್ ಥೀಮಿಗೆ ಸಾಗಿಸಿದರೆ ಮುಂದಿನ ಎಲ್ಲ ಅಪ್‌ಡೇಟುಗಳ ದಾರಿ ತೆರೆದುಕೊಳ್ಳುತ್ತದೆ. ಈ ಕೆಲಸಕ್ಕೆ ದುಡ್ಡು ಕೊಡಬೇಕಾಗಿ ಬಂದರೂ ಕೊಡಿ ಎಂದೇ ನಾನು ಹೇಳುತ್ತೇನೆ. ಸೈಟಿಗೆ ಹೊಸ ಸ್ಲೈಡರ್ ಹಾಕಿಸುವುದಕ್ಕಿಂತ ಇದು ಎಷ್ಟೋ ಮೇಲು.

‘ಸೈಟ್ ಚೆನ್ನಾಗೇ ನಡೀತಿದೆಯಲ್ಲ, ಅಪ್‌ಡೇಟ್ ಯಾಕೆ ಬೇಕು?’ ಎಂಬುದು ಮುಂದಿನ ಪ್ರಶ್ನೆ. ಸ್ಲೈಡರ್ ಎಂದ ಮೇಲೆ ಅದರಿಂದಲೇ ಶುರು ಮಾಡೋಣ. ಸ್ಲೈಡರ್ ರೆವಲ್ಯೂಷನ್ ಎಂಬ ಹೆಸರಾಂತ ಪ್ಲಗಿನ್ ಒಂದಿದೆ. ದುಡ್ಡು ಕೊಟ್ಟು ಕೊಳ್ಳುವ ನೂರಾರು ಥೀಮುಗಳ ಹೊಟ್ಟೆಯೊಳಗೆ ಅದು ಸೇರಿಕೊಂಡೇ ಬರುತ್ತಿತ್ತು. 2014ರಲ್ಲಿ ಅದರಲ್ಲೊಂದು ದೊಡ್ಡ ಭದ್ರತಾ ದೋಷ ಪತ್ತೆಯಾಯಿತು. ತಯಾರಕರು ಸರಿಪಡಿಸಿದರು. ಆದರೆ ಥೀಮಿನ ಜೊತೆ ಅದನ್ನು ಪಡೆದವರಿಗೆ ಆ ರಿಪೇರಿ ಸಿಗಬೇಕಾದರೆ ಥೀಮೇ ಅಪ್‌ಡೇಟ್ ಆಗಬೇಕಿತ್ತು. ತಮ್ಮ ಸೈಟಿನಲ್ಲಿ ಆ ಪ್ಲಗಿನ್ ಇದೆ ಎಂಬುದೇ ಎಷ್ಟೋ ಮಾಲೀಕರಿಗೆ ತಿಳಿದಿರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಸೋಕ್‌ಸೋಕ್ ಎಂಬ ದುರುದ್ದೇಶದ ಕೋಡ್ ಇದೇ ಬಾಗಿಲಿನಿಂದ ನುಗ್ಗಿತು. ಗೂಗಲ್ ಹನ್ನೊಂದು ಸಾವಿರಕ್ಕೂ ಹೆಚ್ಚು ಸೈಟುಗಳನ್ನು ಅಪಾಯಕಾರಿ ಪಟ್ಟಿಗೆ ಸೇರಿಸಿತು. ಅದಕ್ಕೂ ಮೂರು ವರ್ಷ ಮೊದಲು, 2011ರಲ್ಲಿ, ಫೋಟೋಗಳ ಗಾತ್ರ ಬದಲಿಸುವ ಟಿಮ್‌ಥಂಬ್ ಎಂಬ ಪುಟ್ಟ ಸ್ಕ್ರಿಪ್ಟಿನಿಂದ ಇದೇ ಕಥೆ ನಡೆದಿತ್ತು. ಅದೂ ಥೀಮುಗಳ ಒಳಗೆ ಅವಿತಿದ್ದದ್ದೇ. ನಮ್ಮ ಸಣ್ಣ ಅಂಗಡಿಯ ಸೈಟ್ ಮೇಲೆ ಯಾರಿಗೆ ಕಣ್ಣು ಎಂದು ಕೇಳಬೇಡಿ. ದಾಳಿ ಮಾಡುವುದು ಮನುಷ್ಯರಲ್ಲ, ಹಳೇ ಆವೃತ್ತಿ ಎಲ್ಲಿದೆ ಎಂದು ಹಗಲಿರುಳು ಹುಡುಕುವ ತಂತ್ರಾಂಶಗಳು. ಅವುಗಳಿಗೆ ಅಂಗಡಿ ಚಿಕ್ಕದೋ ದೊಡ್ಡದೋ ಬೇಕಿಲ್ಲ.

ಇನ್ನೊಂದು ಕಾರಣ ಪಿಎಚ್‌ಪಿ. ವರ್ಡ್‌ಪ್ರೆಸ್ ನಡೆಯುವುದೇ ಈ ಭಾಷೆಯಲ್ಲಿ. ಅದರ 7.4ನೇ ಆವೃತ್ತಿಗೆ ಭದ್ರತಾ ಬೆಂಬಲ 2022ರ ನವೆಂಬರಿನಲ್ಲಿ ಮುಗಿಯಿತು. ಹೋಸ್ಟಿಂಗ್ ಕಂಪನಿಗಳು ಒಂದಲ್ಲ ಒಂದು ದಿನ ಹೊಸ ಆವೃತ್ತಿಗೆ ಹೋಗಲೇಬೇಕು. 8ನೇ ಆವೃತ್ತಿಯಲ್ಲಿ ಹಲವು ಹಳೇ ಫಂಕ್ಷನ್‌ಗಳನ್ನು ಕಿತ್ತುಹಾಕಲಾಗಿದೆ. ಅವನ್ನು ನಂಬಿಕೊಂಡಿರುವ ಹಳೇ ಥೀಮ್ ಆ ದಿನ ನಿಂತುಹೋಗುತ್ತದೆ. ನೀವು ಏನನ್ನೂ ಮುಟ್ಟದೆಯೇ ಸೈಟ್ ಬಿಳಿ ಪರದೆಯಾಗುವುದು ಹೀಗೆ. ಅಪ್‌ಡೇಟ್ ಮಾಡದಿರುವುದೇ ಸುರಕ್ಷಿತ ಎಂಬ ನಂಬಿಕೆಯನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಅಪ್‌ಡೇಟ್ ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯ. ಕೊಳ್ಳಬೇಕಾದ ಥೀಮನ್ನು ಕದ್ದ ಪ್ರತಿಯಾಗಿ ಪುಕ್ಕಟೆ ಹಂಚುವ ತಾಣಗಳಿವೆ; ಅಲ್ಲಿನ ಪ್ರತಿಗಳಲ್ಲಿ ಹಿಂಬಾಗಿಲು ಕೂರಿಸಿರುವುದು ಪದೇ ಪದೇ ಸಾಬೀತಾಗಿದೆ. ಅಂಥ ಥೀಮಿಗೆ ಸರಿಯಾದ ಅಪ್‌ಡೇಟೂ ಬರುವುದಿಲ್ಲ. ನೇಪಾಳದ ಆ್ಯಕ್ಸೆಸ್‌ಪ್ರೆಸ್ ಥೀಮ್ಸ್ ಎಂಬ ಕಂಪನಿಯ ಸ್ವಂತ ತಾಣಕ್ಕೇ 2021ರಲ್ಲಿ ಯಾರೋ ನುಗ್ಗಿ, ಅಲ್ಲಿದ್ದ 40 ಥೀಮ್ ಮತ್ತು 53 ಪ್ಲಗಿನ್‌ಗಳಲ್ಲಿ ಹಿಂಬಾಗಿಲು ಇಟ್ಟಿದ್ದರು. ಅದೇ ಕಂಪನಿಯ ಥೀಮುಗಳನ್ನು ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಿಂದ ಪಡೆದವರಿಗೆ ತೊಂದರೆಯಾಗಲಿಲ್ಲ. ಹೊಸದಾಗಿ ಸೈಟ್ ಮಾಡಿಸುವವರು ಅಧಿಕೃತ ಸಂಗ್ರಹದ ಒಂದು ಸರಳ ಥೀಮನ್ನು ಆರಿಸಿಕೊಳ್ಳಿ ಎಂದು ನಾನು ಸಲಹೆ ಕೊಡುವಾಗ ಈ ಪ್ರಸಂಗ ನನ್ನ ಮನಸ್ಸಿನಲ್ಲಿರುತ್ತದೆ.

ಈಗ ಕನ್ನಡಿಗರಿಗೇ ವಿಶೇಷವಾದ ಒಂದು ಸಂಗತಿ. ಥೀಮ್ ಅಪ್‌ಡೇಟಿನ ಬಗ್ಗೆ ಇಂಗ್ಲಿಷಿನಲ್ಲಿ ಸಿಗುವ ಯಾವ ಮಾರ್ಗದರ್ಶಿಯಲ್ಲೂ ಇದನ್ನು ನಾನು ಕಂಡಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹೆಚ್ಚಿನ ಥೀಮುಗಳನ್ನು ಬರೆಯುವವರು ಲ್ಯಾಟಿನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಶೀರ್ಷಿಕೆಗಳ ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.1 ಅಥವಾ 1.2 ಪಟ್ಟು ಇಡುತ್ತಾರೆ. ಇಂಗ್ಲಿಷಿಗೆ ಅದು ಸೊಗಸು. ಕನ್ನಡದಲ್ಲಿ ಮೇಲೆ ಗುಣಿತ, ಕೆಳಗೆ ಒತ್ತು. ‘ಶಾಸ್ತ್ರೋಕ್ತ’, ‘ರಾಷ್ಟ್ರೀಯ’ ಎಂಬಂಥ ಪದ ಇರುವ ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಗೆ ತಾಗುತ್ತದೆ, ಕೆಲವೊಮ್ಮೆ ಅರ್ಧಕ್ಕೆ ಕತ್ತರಿಸಿಯೇ ಹೋಗುತ್ತದೆ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಷೋಕಿಯೂ ಹಾಗೆಯೇ. ಕನ್ನಡ ಪದ ಬಿಡಿಬಿಡಿಯಾಗಿ ಚೆದುರಿ ಕಾಣುತ್ತದೆ. ಹಳೇ ಥೀಮಿನಲ್ಲಿ ಯಾರೋ ಇದನ್ನೆಲ್ಲ ಸರಿಮಾಡಿಟ್ಟಿರುತ್ತಾರೆ, ಅಪ್‌ಡೇಟ್ ಆದ ಕೂಡಲೇ ಮತ್ತೆ ಹಳೇ ಪಾಡು.

ಫಾಂಟಿನ ವಿಷಯವೂ ಇದೆ. ಥೀಮುಗಳು ಫಾಂಟನ್ನು ಗೂಗಲ್‌ನಿಂದ ನೇರವಾಗಿ ತರಿಸಿಕೊಳ್ಳುವುದು ರೂಢಿಯಲ್ಲಿತ್ತು. 2022ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನ ನ್ಯಾಯಾಲಯವೊಂದು ಅದು ಓದುಗರ ಖಾಸಗಿತನಕ್ಕೆ ಧಕ್ಕೆ ಎಂದು ತೀರ್ಪು ಕೊಟ್ಟಿತು. ಆಮೇಲೆ ಫಾಂಟ್ ಫೈಲುಗಳನ್ನು ಥೀಮಿನೊಳಗೇ ಇಟ್ಟುಕೊಳ್ಳಿ ಎಂದು ವರ್ಡ್‌ಪ್ರೆಸ್‌ನ ಥೀಮ್ ತಂಡ ತಯಾರಕರನ್ನು ಒತ್ತಾಯಿಸಿತು. ಒಳ್ಳೆಯದೇ. ಆದರೆ ಹಾಗೆ ಒಳಗಿಡುವಾಗ ಲ್ಯಾಟಿನ್ ಭಾಗವನ್ನಷ್ಟೇ ಇಟ್ಟರೆ ನಿಮ್ಮ ಕನ್ನಡ ಪುಟ ಅನಾಥವಾಗುತ್ತದೆ. ಬ್ರೌಸರ್ ಆಗ ವಿಂಡೋಸ್‌ನಲ್ಲಿ ನಿರ್ಮಲಾ, ಆಂಡ್ರಾಯ್ಡ್‌ನಲ್ಲಿ ನೋಟೊ ಎಂದು ಆಯಾ ಯಂತ್ರದಲ್ಲಿ ಏನಿದೆಯೋ ಅದರಲ್ಲಿ ತೋರಿಸುತ್ತದೆ. ಜ್ಯೂರಿಕ್‌ನಲ್ಲಿರುವ ಮಗನಿಗೆ ಒಂದು ಥರ, ಹಾವೇರಿಯ ಅಪ್ಪನಿಗೆ ಇನ್ನೊಂದು ಥರ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ ಮುಂತಾದ ಒಳ್ಳೆಯ ಉಚಿತ ಯೂನಿಕೋಡ್ ಫಾಂಟುಗಳಿವೆ. ನಿಮಗೆ ಬೇಕಾದ ಫಾಂಟಿನ ಹೆಸರು, ಸಾಲಿನ ಎತ್ತರ ಕನಿಷ್ಠ ಒಂದೂವರೆ ಪಟ್ಟು, ಅಕ್ಷರದ ನಡುವಿನ ಅಂತರ ಸೊನ್ನೆ ಎಂಬ ಮೂರು ಸಾಲುಗಳನ್ನು ಚೈಲ್ಡ್ ಥೀಮಿನಲ್ಲಿ ಬರೆಸಿಡಿ, ಫಾಂಟ್ ಫೈಲನ್ನೂ ಅಲ್ಲೇ ಇಡಿಸಿ. ಆಮೇಲೆ ಯಾವ ಅಪ್‌ಡೇಟೂ ನಿಮ್ಮ ಕನ್ನಡವನ್ನು ಕೆಡಿಸಲಾರದು. ಇನ್ನು ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟುಗಳಲ್ಲಿ ಬರೆದ ಪುಟಗಳು ನಿಮ್ಮ ಸೈಟಿನಲ್ಲಿದ್ದರೆ, ಅಪ್‌ಡೇಟಿಗೂ ಮುಂಚೆ ಅವನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ. ಆ ಫಾಂಟ್ ಫೈಲ್ ಥೀಮಿನ ಜೊತೆ ಮಾಯವಾದರೆ ಓದುಗರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಮಾತ್ರ.

ಬ್ಯಾಕಪ್ ತೆಗೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಬ್ಯಾಕಪ್ ಎಂದರೆ ಫೈಲುಗಳು ಮತ್ತು ಡೇಟಾಬೇಸ್ ಎರಡೂ. ಒಂದೇ ಇದ್ದರೆ ಸೈಟ್ ಎದ್ದು ನಿಲ್ಲುವುದಿಲ್ಲ. ಎರಡನ್ನೂ ಸರ್ವರಿನಿಂದ ಹೊರಗೆ, ನಿಮ್ಮ ಕಂಪ್ಯೂಟರಿಗೋ ಗೂಗಲ್ ಡ್ರೈವಿಗೋ ಇಳಿಸಿಕೊಂಡಿರಬೇಕು. ಸರ್ವರೇ ಕೈಕೊಟ್ಟ ದಿನ ಅದರಲ್ಲಿಟ್ಟ ಬ್ಯಾಕಪ್ ಉಪಯೋಗಕ್ಕೆ ಬರದು. ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್‌ಗಳ ಉಚಿತ ಆವೃತ್ತಿಯಲ್ಲೇ ಇದಿಷ್ಟೂ ಆಗುತ್ತದೆ. ತೆಗೆದ ಬ್ಯಾಕಪ್‌ನಿಂದ ಒಮ್ಮೆಯಾದರೂ ಸೈಟನ್ನು ಮರುಕಟ್ಟಿ ನೋಡಿ. ಅದನ್ನು ಪ್ರಯೋಗಿಸಲು ಒಳ್ಳೆಯ ಜಾಗ ಸ್ಟೇಜಿಂಗ್.

ಸ್ಟೇಜಿಂಗ್ ಎಂದರೆ ನಿಮ್ಮ ಸೈಟಿನ ಪೂರ್ತಿ ನಕಲು, ಗ್ರಾಹಕರ ಕಣ್ಣಿಗೆ ಬೀಳದ ವಿಳಾಸವೊಂದರಲ್ಲಿ. ಬಹಳಷ್ಟು ಹೋಸ್ಟಿಂಗ್ ಕಂಪನಿಗಳ ಸಿಪ್ಯಾನಲ್‌ನಲ್ಲಿ ಸಾಫ್ಟ್ಯಾಕ್ಯುಲಸ್ ಎಂಬ ಸಾಧನವಿರುತ್ತದೆ, ಕೆಲವೇ ಕ್ಲಿಕ್‌ಗಳಲ್ಲಿ ನಕಲು ಸಿದ್ಧವಾಗುತ್ತದೆ. ಅಪ್‌ಡೇಟ್ ಮೊದಲು ಅಲ್ಲಿ ಆಗಲಿ. ಎರಡು ಎಚ್ಚರಿಕೆ ಬೇಕು. ಸೆಟ್ಟಿಂಗ್ಸ್‌ನ ರೀಡಿಂಗ್ ಪುಟದಲ್ಲಿ ಹುಡುಕುತಾಣಗಳನ್ನು ದೂರವಿಡುವ ಆಯ್ಕೆಗೆ ಗುರುತು ಹಾಕಿ, ಇಲ್ಲದಿದ್ದರೆ ಗೂಗಲ್‌ನಲ್ಲಿ ನಿಮ್ಮ ಅಂಗಡಿ ಎರಡೆರಡು ಕಾಣಬಹುದು. ಸೈಟಿನಲ್ಲಿ ಮಾರಾಟ ಇದ್ದರೆ ನಕಲಿನಲ್ಲಿ ಪಾವತಿಯನ್ನು ಪರೀಕ್ಷಾ ಕ್ರಮಕ್ಕೆ ಬದಲಿಸಿ, ಗ್ರಾಹಕರಿಗೆ ಹೋಗುವ ಇಮೇಲನ್ನು ನಿಲ್ಲಿಸಿ. ಹಳೇ ಆರ್ಡರಿಗೆ ಮತ್ತೊಮ್ಮೆ ಇಮೇಲ್ ಹೋದರೆ ಗಾಬರಿಯಾಗುವುದು ನಿಮ್ಮ ಗ್ರಾಹಕರು.

ನಕಲಿನಲ್ಲಿ ಅಪ್‌ಡೇಟ್ ಆದ ಮೇಲೆ ಮುಖಪುಟ ನೋಡಿ ಸಮಾಧಾನಪಡಬೇಡಿ. ವ್ಯಾಪಾರ ಬರುವ ದಾರಿಗಳನ್ನು ಮೊಬೈಲ್ ಫೋನಿನಲ್ಲಿ ನಡೆದು ನೋಡಿ. ವಿಚಾರಣಾ ಫಾರಂ ತುಂಬಿ ಕಳಿಸಿ, ನಿಮಗೆ ಇಮೇಲ್ ಬಂತೇ ನೋಡಿ. ವಾಟ್ಸ್‌ಆ್ಯಪ್ ಗುಂಡಿ, ನಕ್ಷೆ, ದರಪಟ್ಟಿ, ಯುಪಿಐ ಪಾವತಿ, ಎಲ್ಲಕ್ಕಿಂತ ಉದ್ದದ ಶೀರ್ಷಿಕೆ ಇರುವ ಕನ್ನಡ ಪುಟ. ವೂಕಾಮರ್ಸ್‌ನಲ್ಲಿ ಅಂಗಡಿ ಇದ್ದರೆ ಅದರ ಸ್ಟೇಟಸ್ ಪುಟದ ಕೊನೆಯಲ್ಲಿ ಥೀಮಿನ ಯಾವ ಟೆಂಪ್ಲೇಟುಗಳು ಹಳತಾಗಿವೆ ಎಂಬ ಪಟ್ಟಿ ಇರುತ್ತದೆ, ಅದನ್ನು ಓದಿ. ಚೈಲ್ಡ್ ಥೀಮಿನಲ್ಲಿ ನಕಲು ಮಾಡಿಟ್ಟ ಫೈಲುಗಳೂ ಕಾಲಕ್ರಮದಲ್ಲಿ ಹಳತಾಗುತ್ತವೆ. ಅವನ್ನು ಮೂಲದ ಜೊತೆ ಆಗಾಗ ಹೊಂದಿಸುತ್ತಿರಬೇಕು.

ನಿಜವಾದ ಸೈಟಿನಲ್ಲಿ ಮಾಡುವ ದಿನ ಗಿರಾಕಿ ಕಡಿಮೆ ಇರುವ ವಾರದ ನಡುವಿನ ಬೆಳಗು ಇರಲಿ. ಶನಿವಾರ ಸಂಜೆ ಬೇಡ. ವರಮಹಾಲಕ್ಷ್ಮಿಗೆ ಮುಂಚಿನ ವಾರ ಸೀರೆ ಅಂಗಡಿಯವರಿಗೆ ಬೇಡ, ದಸರಾ ರಜೆಯ ಹೊತ್ತಿಗೆ ಹೋಂಸ್ಟೇಯವರಿಗೆ ಬೇಡ. ಆಗಲೇ ಹೊಸ ಬ್ಯಾಕಪ್ ತೆಗೆದು, ಪ್ಲಗಿನ್‌ಗಳನ್ನು ಒಂದೊಂದಾಗಿ, ಆಮೇಲೆ ಥೀಮನ್ನು ಅಪ್‌ಡೇಟ್ ಮಾಡಿ, ಕ್ಯಾಷ್ ತೆರವುಗೊಳಿಸಿ. ನಿರ್ವಹಣೆಗಾಗಿ ಸ್ವಲ್ಪ ಹೊತ್ತು ಮುಚ್ಚಿದೆ ಎಂಬ ಸಂದೇಶ ಹಾಗೇ ಅಂಟಿಕೊಂಡು ನಿಂತರೆ ಹೆದರಬೇಡಿ. ಸೈಟಿನ ಮೂಲ ಫೋಲ್ಡರಿನಲ್ಲಿ ಡಾಟ್ ಮೇಂಟೆನೆನ್ಸ್ ಎಂಬ ಗುಪ್ತ ಫೈಲ್ ಉಳಿದುಬಿಟ್ಟಿರುತ್ತದೆ, ಅಳಿಸಿದರೆ ಸೈಟ್ ತೆರೆಯುತ್ತದೆ. ಥೀಮ್ ಮುಗ್ಗರಿಸಿದರೆ ರಿಕವರಿ ಮೋಡ್‌ನ ಕೊಂಡಿಯನ್ನು ಅಡ್ಮಿನ್ ಇಮೇಲಿಗೆ ಕಳಿಸುವ ವ್ಯವಸ್ಥೆ 2019ರ 5.2ನೇ ಆವೃತ್ತಿಯಿಂದಲೇ ಇದೆ. ಆ ಅಡ್ಮಿನ್ ಇಮೇಲ್ ನಿಮ್ಮದೇ ಎಂದು ಈಗಲೇ ಖಚಿತಪಡಿಸಿಕೊಳ್ಳಿ, ಬಹಳ ಕಡೆ ಅದು ಸೈಟ್ ಮಾಡಿಕೊಟ್ಟವನ ಹಳೇ ವಿಳಾಸವಾಗಿರುತ್ತದೆ. ಕೊನೆಯ ಉಪಾಯ: ಫೈಲ್ ಮ್ಯಾನೇಜರಿನಲ್ಲಿ ಕೆಟ್ಟ ಥೀಮಿನ ಫೋಲ್ಡರ್ ಹೆಸರು ಬದಲಿಸಿ ಅಡ್ಮಿನ್‌ನ ಥೀಮ್ಸ್ ಪುಟ ತೆರೆದರೆ ವರ್ಡ್‌ಪ್ರೆಸ್ ತನ್ನ ಡಿಫಾಲ್ಟ್ ಥೀಮಿಗೆ ಮರಳುತ್ತದೆ. ಅದಕ್ಕಾಗಿ ಒಂದು ಡಿಫಾಲ್ಟ್ ಥೀಮನ್ನು ಅಳಿಸದೆ ಉಳಿಸಿಕೊಳ್ಳಿ. 2023ರ 6.3ನೇ ಆವೃತ್ತಿಯಿಂದ ನಾವೇ ಮಾಡುವ ಅಪ್‌ಡೇಟ್ ಅರ್ಧಕ್ಕೆ ವಿಫಲವಾದರೆ ಹಳೇ ಪ್ರತಿ ತಾನಾಗಿ ವಾಪಸಾಗುತ್ತದೆ. ಅಪ್‌ಡೇಟ್ ಸರಿಯಾಗಿ ಮುಗಿದು ವಿನ್ಯಾಸ ಕೆಟ್ಟಿದ್ದರೆ ಮಾತ್ರ ಅದು ನೆರವಿಗೆ ಬಾರದು, ನಿಮ್ಮ ಬ್ಯಾಕಪ್ಪೇ ಬೇಕು.

ಅಪ್‌ಡೇಟ್ ತಾನಾಗಿಯೇ ಆಗುವ ಸೌಲಭ್ಯ 2020ರ 5.5ನೇ ಆವೃತ್ತಿಯಲ್ಲಿ ಬಂತು. ಹಾಕಿಕೊಳ್ಳಬೇಕೇ? ವಿಳಾಸ, ಫೋಟೋ, ದರಪಟ್ಟಿ ಮಾತ್ರ ಇರುವ, ಚೈಲ್ಡ್ ಥೀಮ್ ಮತ್ತು ದಿನದ ಬ್ಯಾಕಪ್ ಇರುವ ಸೈಟಿಗೆ ಧಾರಾಳವಾಗಿ ಹಾಕಿ. ಹಣ ಕೈಬದಲಾಗುವ ಸೈಟಿಗೆ ಬೇಡ ಎಂಬುದು ನನ್ನ ಅಭಿಪ್ರಾಯ. ಅಲ್ಲಿ ತಿಂಗಳಿಗೊಮ್ಮೆ ಮನುಷ್ಯರ ಕಣ್ಣೆದುರೇ ಆಗಲಿ.

ಸೈಟ್ ಮಾಡಿಕೊಟ್ಟವರಿಂದ ಕೆಲವನ್ನು ಈ ವಾರವೇ ಬರೆಸಿ ತೆಗೆದುಕೊಳ್ಳಿ. ಡೊಮೈನ್ ನೋಂದಣಿ ನಿಮ್ಮ ಹೆಸರಿನಲ್ಲಿರಬೇಕು. ಹೋಸ್ಟಿಂಗ್ ಖಾತೆಯ ಲಾಗಿನ್, ಅಡ್ಮಿನ್ ಹಕ್ಕಿರುವ ನಿಮ್ಮದೇ ಖಾತೆ ನಿಮ್ಮಲ್ಲಿರಬೇಕು. ಥೀಮನ್ನು ಥೀಮ್‌ಫಾರೆಸ್ಟ್‌ನಂಥ ಕಡೆ ಕೊಂಡಿದ್ದರೆ ಅದರ ಖರೀದಿ ಕೋಡ್ ಬೇಕು. ಅಲ್ಲಿ ಒಂದು ಪರವಾನಗಿ ಒಂದೇ ಸೈಟಿಗೆ, ಅಪ್‌ಡೇಟುಗಳು ಖರೀದಿಯ ಜೊತೆಗೇ ಬರುತ್ತವೆ, ಸಹಾಯ ಮಾತ್ರ ಆರು ತಿಂಗಳು. ಕೊಂಡವರ ಖಾತೆ ಬೇರೆಯವರದಾದರೆ ಆ ಅಪ್‌ಡೇಟ್ ನಿಮಗೆ ತಲುಪುವುದಿಲ್ಲ. ಕೇಳಲು ಸಂಕೋಚ ಬೇಡ. ದುಡ್ಡು ಕೊಟ್ಟು ಮಾಡಿಸಿಕೊಂಡವರು ನೀವು, ಅದು ನಿಮ್ಮ ಅಂಗಡಿ.